ಕ್ಯೂಬ್ ಎಷ್ಟು ಬೇಕಾದರೂ ಓಡಲಿ, ಮಾತಾಡಬಾರದು

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಎರಡು ವರ್ಷದಿಂದ ರೂಬಿಕ್ಸ್ ಕ್ಯೂಬ್ ಬಿಡಿಸುವ ಹುಚ್ಚು. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಸ್ಪರ್ಧೆಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ಮೂರು ಕ್ಯೂಬ್ ಇವೆ. ಒಂದು ಹಳೆಯ ಸ್ಟಿಕರ್ ಕ್ಯೂಬ್. ಅದರ ಒಂದು ಮೂಲೆಯ ಸ್ಟಿಕರ್ ಅರ್ಧ ಕಿತ್ತಿದೆ, ಶಾಲೆಯಲ್ಲಿ ಕಳೆಯಬಾರದೆಂದು ನಾನೇ ಮಾರ್ಕರ್‌ನಲ್ಲಿ ಅವಳ ಹೆಸರು ಬರೆದಿದ್ದೇನೆ. ಎರಡನೆಯದು ಅವಳ ಸೋದರಮಾವ ಕೊಟ್ಟ, ಫೋನಿಗೆ ಜೋಡಿಸುವ ಸ್ಮಾರ್ಟ್ ಕ್ಯೂಬ್. ಮೂರನೆಯದು ಒಂದು ಸಾಲಿಗೆ ಏಳು ತುಂಡುಗಳ, ಹೊಟ್ಟೆ ಉಬ್ಬಿದಂತಿರುವ 7×7. ರಾತ್ರಿ ಟ್ಯೂಬ್‌ಲೈಟಿನಲ್ಲಿ ಕೆಂಪು ಮತ್ತು ಕಿತ್ತಳೆ ಒಂದೇ ಥರ ಕಾಣುತ್ತವೆ ಎನ್ನುತ್ತಾಳೆ. ಅಂಗಡಿಯವರು ಮ್ಯಾಗ್ನೆಟ್ ಇರುವುದನ್ನು ಸ್ಪರ್ಧೆಯಲ್ಲಿ ಬಿಡುವುದಿಲ್ಲ ಎಂದರು. ಇದರಲ್ಲಿ ಯಾವುದು ನಡೆಯುತ್ತದೆ, ಹೊಸದು ಕೊಳ್ಳಲೇಬೇಕೇ?
– ಒಬ್ಬ ತಾಯಿ, ಚಿತ್ರದುರ್ಗ

ಉತ್ತರ: ಮೇಡಂ, ಮೊದಲು ಅಂಗಡಿಯವರ ಮಾತನ್ನು ಪಕ್ಕಕ್ಕಿಡಿ. ಮ್ಯಾಗ್ನೆಟ್ ಇರುವ ಕ್ಯೂಬಿಗೆ ಯಾವ ನಿಷೇಧವೂ ಇಲ್ಲ. ಇವತ್ತು ಸ್ಪರ್ಧೆಗೆ ಹೋಗಿ ನೋಡಿದರೆ ಮ್ಯಾಗ್ನೆಟ್ ಇಲ್ಲದ ಕ್ಯೂಬ್ ಹಿಡಿದವರನ್ನು ಹುಡುಕಬೇಕು. ಈ ಮಾತನ್ನು ದಾವಣಗೆರೆಯ ಅಂಗಡಿಗಳಲ್ಲೂ ನಾನು ಕೇಳಿದ್ದೇನೆ, ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ. ಬಹುಶಃ 'ಇಷ್ಟು ಸಲೀಸಾಗಿ ತಿರುಗಿದರೆ ಅದು ಮೋಸವೇ ಇರಬೇಕು' ಎಂಬ ನಮ್ಮ ಹಳೇ ಅನುಮಾನ.

ಈ ಸ್ಪರ್ಧೆಗಳು ನಡೆಯುವುದು 2004ರಲ್ಲಿ ಹುಟ್ಟಿದ ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ನಿನ ನಿಯಮದ ಪ್ರಕಾರ. ಅದರ ನಿಯಮಾವಳಿಯಲ್ಲಿ ಮೂರನೆಯ ಅಧ್ಯಾಯ ಪೂರ್ತಿ ಕ್ಯೂಬುಗಳದ್ದೇ. ಉಪನಿಯಮ, ಅದಕ್ಕೊಂದು ಉಪ-ಉಪನಿಯಮ ಎಂದು ಓದುತ್ತಾ ಹೋದರೆ ತಲೆ ಗಿರ್ ಎನ್ನುತ್ತದೆ. ಆದರೆ ಬಹುಪಾಲು ನಿಯಮಗಳ ಬೇರು ಒಂದೇ. ಇಸ್ಪೀಟು ಆಡುವುದನ್ನು ನೋಡಿದ್ದೀರಲ್ಲ? ಎಲೆಗಳು ಹೊಸದಾಗಿ, ನುಣುಪಾಗಿ, ಸರಸರ ಜಾರುವಂತಿದ್ದರೆ ಯಾರೂ ತಕರಾರು ತೆಗೆಯುವುದಿಲ್ಲ. ಅದೇ ಒಂದು ಎಲೆಯ ಮೂಲೆ ಮಡಚಿದ್ದರೆ ಆಟವನ್ನೇ ನಿಲ್ಲಿಸುತ್ತಾರೆ. ಕ್ಯೂಬಿನಲ್ಲೂ ಹಾಗೇ. ವೇಗ ಕೊಡುವ ಮ್ಯಾಗ್ನೆಟ್, ಸ್ಪ್ರಿಂಗ್, ಸಲೀಸಾಗಿ ತಿರುಗಲೆಂದು ಒಳಗೆ ಹನಿಸುವ ಲ್ಯೂಬ್ ಎಲ್ಲಕ್ಕೂ ಒಪ್ಪಿಗೆಯಿದೆ. ಯಾವ ಕಂಪನಿಯದ್ದಾದರೂ ಸರಿ, ಎಷ್ಟು ಬೆಲೆಯದ್ದಾದರೂ ಸರಿ. ಆದರೆ ಒಂದು ತುಂಡು ತನ್ನಂಥದೇ ಇನ್ನೊಂದು ತುಂಡಿಗಿಂತ ಬೇರೆಯಾಗಿ ಕಾಣುವಂತಿಲ್ಲ, ಬೇರೆಯಾಗಿ ಕೈಗೆ ಸಿಗುವಂತಿಲ್ಲ. ಬಣ್ಣ ಹೇಳುವುದಕ್ಕಿಂತ ಹೆಚ್ಚಿನ ಯಾವ ಸುಳಿವನ್ನೂ ಕ್ಯೂಬ್ ಆಟಗಾರರಿಗೆ ಕೊಡಬಾರದು.

ಇದು ಗೊತ್ತಿದ್ದರೆ ನಿಮ್ಮ ಪ್ರಶ್ನೆಗಳಲ್ಲಿ ಅರ್ಧಕ್ಕೆ ನೀವೇ ಉತ್ತರ ಹೇಳಬಹುದು. ವೇಗದ ಮಾತಿಗೆ ಬಂದರೆ, 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಮಿನ್ ಥಾಯ್ ತೆಗೆದುಕೊಂಡದ್ದು 22.95 ಸೆಕೆಂಡು. 2023ರಲ್ಲಿ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿನಲ್ಲಿ ಮುಗಿಸಿದರು. ಈ ಅಂತರದಲ್ಲಿ ಆಟಗಾರರ ವಿಧಾನ, ಅಭ್ಯಾಸದ ಪಾಲು ದೊಡ್ಡದು. ಕ್ಯೂಬಿನ ಪಾಲೂ ಸಣ್ಣದಲ್ಲ. ನಿಯಮ ಅದಕ್ಕೆ ಅಡ್ಡ ಬರಲಿಲ್ಲ.

ಈಗ ಹೆಸರು ಬರೆದ ವಿಚಾರ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಕಡೆಯ ತಾಯಂದಿರೆಲ್ಲ ಮಾಡುವ ಕೆಲಸ ಇದು. ಸ್ಟೀಲ್ ಲೋಟದಿಂದ ಕೊಡದವರೆಗೆ ಮನೆಯ ಪಾತ್ರೆಗೆಲ್ಲ ಹೆಸರು ಕೆತ್ತಿಸುವ ಊರಿನವರು ನಾವು, ಕ್ಯೂಬಿಗೆ ಬಿಡುತ್ತೇವೆಯೇ? ಒಮ್ಮೆ ನಾನು ಜಡ್ಜ್ ಆಗಿ ಕೂತಿದ್ದಾಗ ಪುಟ್ಟ ಹುಡುಗನೊಬ್ಬ ತಂದ ಕ್ಯೂಬಿನ ಹಳದಿ ಎಡ್ಜ್ (ಎರಡು ಮೂಲೆಗಳ ನಡುವಿನ ಅಂಚುತುಂಡು) ಮೇಲೆ ಅವನ ಹೆಸರಿನ ಮೊದಲ ಅಕ್ಷರ ಸ್ಕೆಚ್ ಪೆನ್ನಿನಲ್ಲಿತ್ತು. ಮೂರು ಸಲ ಒತ್ತಿ ಬರೆದಿದ್ದರು, ಅಳಿಸಬಾರದೆಂದು. ಸ್ಪರ್ಧೆಯ ಉಸ್ತುವಾರಿಗೆ ಅಸೋಸಿಯೇಷನ್ ನೇಮಿಸಿದ ಡೆಲಿಗೇಟ್ ಆ ಕ್ಯೂಬನ್ನು ಒಪ್ಪಲಿಲ್ಲ. ಹುಡುಗನ ಕಣ್ಣಲ್ಲಿ ನೀರು. ಕೊನೆಗೆ ಪಕ್ಕದಲ್ಲಿ ಕೂತಿದ್ದ, ಅವನಿಗೆ ಪರಿಚಯವೂ ಇಲ್ಲದ ಒಬ್ಬ ದೊಡ್ಡ ಹುಡುಗ ತನ್ನ ಕ್ಯೂಬ್ ಕೊಟ್ಟ. ಬೇರೆಯವರ ಕ್ಯೂಬಿನಲ್ಲಿ ಆಡಲು ಅಡ್ಡಿಯಿಲ್ಲ, ಆದರೆ ಕೈಗೆ ಒಗ್ಗದ ಕ್ಯೂಬ್ ಬೇರೆಯವರ ಚಪ್ಪಲಿ ಇದ್ದಂತೆ.

ಒಂದು ಅಕ್ಷರದಿಂದ ಏನು ಮಹಾ ಲಾಭ ಎಂದು ಆ ಹುಡುಗನ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕ್ಯೂಬ್ ಹಿಡಿದಾಗ ಒಮ್ಮೆಗೆ ಮೂರು ಮುಖ ಮಾತ್ರ ಕಣ್ಣಿಗೆ ಬೀಳುತ್ತವೆ. ಹಿಂದಿನ ತುಂಡುಗಳನ್ನು ನೋಡಲು ಕ್ಯೂಬನ್ನು ಹೊರಳಿಸಬೇಕು, ಹೊರಳಿಸಲು ಸಮಯ ಬೇಕು. ಹಿಂದೆ ಇರುವ ಒಂದು ತುಂಡು ಉಂಗುರಬೆರಳಿಗೆ ತರಿತರಿಯಾಗಿ ತಗುಲಿದರೆ ನೋಡದೆಯೇ ಅದು ಎಲ್ಲಿದೆಯೆಂದು ತಿಳಿಯುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವ ಸ್ಪರ್ಧೆಯಲ್ಲಂತೂ ಇಂಥ ಒಂದು ಗುರುತು ಬಂಗಾರ. ಹುಡುಗನಿಗೆ ಅಂಥ ಉದ್ದೇಶ ಇರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ನಿಯಮ ಉದ್ದೇಶವನ್ನು ನೋಡುವುದಿಲ್ಲ, ತುಂಡನ್ನು ನೋಡುತ್ತದೆ.

ನಿಮ್ಮ ಮಾರ್ಕರ್ ಶಾಯಿಯನ್ನು ಸ್ವಲ್ಪ ಸ್ಯಾನಿಟೈಜರ್ ಹಾಕಿದ ಹತ್ತಿಯಲ್ಲಿ ಮೆತ್ತಗೆ ಒರೆಸಿ ನೋಡಿ. ಹೆಸರು ಬೇಕೇ ಬೇಕೆಂದರೆ ಕ್ಯೂಬಿನ ಚೀಲದ ಮೇಲೆ ಬರೆಯಿರಿ. ಸ್ಪರ್ಧೆಯಲ್ಲಿ ಅವಳ ಕ್ಯೂಬ್ ಅವಳ ಸ್ಕೋರ್ ಕಾರ್ಡಿನ ಜೊತೆಯಲ್ಲೇ ಓಡಾಡುತ್ತದೆ, ಅದಲುಬದಲಾಗುವ ಭಯ ಬೇಡ. ಕಂಪನಿಯ ಲೋಗೊ ಹಾಗಾದರೆ ಹೇಗೆ ನಡೆಯುತ್ತದೆ ಎಂದು ನೀವು ಕೇಳಬಹುದು. ಲೋಗೊ ಇರಬಹುದು, ಆದರೆ ಇಡೀ ಕ್ಯೂಬಿಗೆ ಒಂದೇ. ಎಲ್ಲರಿಗೂ ಪರಿಚಯವಿರುವ ಸಾಮಾನ್ಯ ಕ್ಯೂಬ್, ಅಂದರೆ 3×3ರಲ್ಲಿ ಅದರ ಜಾಗ ಮುಖದ ನಟ್ಟನಡುವಿನ ಸೆಂಟರ್ ತುಂಡು. ಸೆಂಟರ್‌ಗಳು ಒಂದಕ್ಕೊಂದು ಜಾಗ ಬದಲಿಸುವುದೇ ಇಲ್ಲವಲ್ಲ, ಅಲ್ಲಿ ಏನು ಬರೆದರೂ ಹೊಸ ಸುಳಿವು ಸಿಗುವುದಿಲ್ಲ.

ಕಿತ್ತ ಸ್ಟಿಕರ್ ಇದಕ್ಕಿಂತ ಸೂಕ್ಷ್ಮ. ಬಳಸಿ ಬಳಸಿ ಎಲ್ಲ ಸ್ಟಿಕರ್‌ಗಳ ಅಂಚೂ ಒಂದಿಷ್ಟು ಸವೆದಿದ್ದರೆ ಡೆಲಿಗೇಟ್ ಬಿಡುತ್ತಾರೆ. ಸಹಜ ಸವೆತಕ್ಕೆ ನಿಯಮದಲ್ಲೇ ಜಾಗ ಇದೆ, ಎಷ್ಟು ಎನ್ನುವುದು ಅವರ ವಿವೇಚನೆ. ಒಂದೇ ಮೂಲೆಯದ್ದು ಅರ್ಧ ಹೋಗಿದೆ ಎಂದರೆ ಬಿಡುವುದಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಆ ಒಂದಕ್ಕೆ ಮಾತ್ರ ಹೊಸ ಸ್ಟಿಕರ್ ಅಂಟಿಸುವುದು. ಎರಡು ವರ್ಷ ಬೆವರು ಕುಡಿದು ಮಂಕಾದ ಎಂಟು ಕಿತ್ತಳೆಗಳ ನಡುವೆ ಒಂದು ಮಾತ್ರ ಫಳಫಳ ಹೊಳೆಯುತ್ತಿದ್ದರೆ ಅದೂ ಗುರುತೇ! ಬದಲಿಸುವುದಾದರೆ ಆ ಬಣ್ಣದ ಒಂಬತ್ತನ್ನೂ ಬದಲಿಸಿ. ಇನ್ನೂ ಒಳ್ಳೆಯದೆಂದರೆ ಆರೂ ಮುಖದ 54ನ್ನೂ.

ನಿಜ ಹೇಳಬೇಕೆಂದರೆ ನಾನಾದರೆ ಅದಕ್ಕೆ ಕೈ ಹಾಕುವುದಿಲ್ಲ, ಸ್ಟಿಕರ್‌ಲೆಸ್ ಕೊಡಿಸುತ್ತೇನೆ. ಬಣ್ಣ ಪ್ಲಾಸ್ಟಿಕ್ಕಿನಲ್ಲೇ ಇರುವುದರಿಂದ ಕಿತ್ತು ಬರುವುದೇನೂ ಇಲ್ಲ. 2015ರವರೆಗೆ ಇದಕ್ಕೆ ಅನುಮತಿ ಇರಲಿಲ್ಲ. ಕಾರಣ ಮತ್ತೆ ಅದೇ: ತುಂಡಿನ ಮೈಯೇ ಬಣ್ಣದ್ದಾದರೆ, ಪದರವನ್ನು ಅರ್ಧ ತಿರುಗಿಸಿದಾಗ ಬಿರುಕಿನಲ್ಲಿ ಇಣುಕಿ ಆಚೆ ಮಗ್ಗುಲಿನ ಬಣ್ಣ ತಿಳಿಯಬಹುದು ಎಂಬ ವಾದ. ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಸುವವರಿಗೆ ಬಿರುಕಿನಲ್ಲಿ ಇಣುಕಲು ಪುರಸೊತ್ತೆಲ್ಲಿ! ಕೊನೆಗೆ ನಿಯಮ ಸಡಿಲಾಯಿತು. ನನ್ನ ಮೇಜಿನ ಡ್ರಾಯರಿನಲ್ಲಿ ಆ ಕಾಲದ ಕಪ್ಪು ಕ್ಯೂಬುಗಳೂ ಸ್ಟಿಕರ್ ಹಾಳೆಗಳೂ ಇನ್ನೂ ಬಿದ್ದಿವೆ, ಎಸೆಯಲು ಮನಸ್ಸಿಲ್ಲ. ಹಾಗೆಂದು ಆರಪಾರ ಕಾಣುವ ಗಾಜಿನಂಥ ಕ್ಯೂಬನ್ನು ಚೆಂದ ಎಂದು ಕೊಂಡುಬಿಡಬೇಡಿ. ಹಿಂದಿನ ಮುಖವನ್ನು ಮುಂದಿನಿಂದಲೇ ತೋರಿಸುವಂಥದ್ದು ನಡೆಯುವುದಿಲ್ಲ.

ಕೆಂಪು-ಕಿತ್ತಳೆ ತೊಂದರೆ ನಿಮ್ಮ ಮಗಳೊಬ್ಬಳದ್ದಲ್ಲ, ಮಂದ ಬೆಳಕಿನಲ್ಲಿ ನನಗೂ ಆಗುತ್ತದೆ. ಇಂತಿಂಥ ಬಣ್ಣವೇ ಇರಬೇಕು ಎಂದು ನಿಯಮ ಕಟ್ಟು ಹಾಕಿಲ್ಲ. ಒಂದು ಮುಖಕ್ಕೆ ಒಂದೇ ಬಣ್ಣ, ಒಂದಕ್ಕೊಂದು ಸ್ಪಷ್ಟವಾಗಿ ಬೇರೆ ಕಾಣಬೇಕು, ಎಲ್ಲವೂ ಒಂದೇ ಬಗೆಯ ವಸ್ತುವಿನದ್ದಾಗಿರಬೇಕು, ಅಷ್ಟೆ. ಹಾಗಾಗಿ ಅಚ್ಚ ಕಿತ್ತಳೆಯ ಬದಲು ತಿಳಿಯಾದ, ಹೊಳೆಯುವ ಕಿತ್ತಳೆ ಇರುವ ಕ್ಯೂಬ್ ಆರಿಸಿಕೊಳ್ಳಬಹುದು. ಬಿಳಿ ಮತ್ತು ಹಸಿರನ್ನು ಮಾತ್ರ ಹಾಗೇ ಇರಲು ಬಿಡಿ. ಸ್ಕ್ರ್ಯಾಂಬಲ್ ಮಾಡುವವರು, ಅಂದರೆ ಆಟಕ್ಕೆ ಮೊದಲು ಕ್ಯೂಬನ್ನು ಕಲಸಿ ಕೊಡುವವರು, ಬಿಳಿಯನ್ನು ಮೇಲಕ್ಕೆ, ಹಸಿರನ್ನು ಮುಂದಕ್ಕೆ ಹಿಡಿದು ಶುರು ಮಾಡುತ್ತಾರೆ. ಆ ಬಣ್ಣಗಳು ಇಲ್ಲದಿದ್ದರೆ ಅತಿ ತಿಳಿಯಾದದ್ದು ಮೇಲೆ, ಅದರ ಪಕ್ಕದ ಅತಿ ಗಾಢವಾದದ್ದು ಮುಂದೆ ಎಂಬ ನಿಯಮವೂ ಇದೆ. ಆದರೂ ಮೊದಲ ಸ್ಪರ್ಧೆಯಲ್ಲೇ ಅವರನ್ನು ಯೋಚನೆಗೆ ಹಚ್ಚುವುದೇಕೆ? ಮುಟ್ಟಿ ಗುರುತಿಸುವ, ಮುಖಕ್ಕೊಂದು ಬಗೆಯ ಮೇಲ್ಮೈ ಇರುವ ಕ್ಯೂಬುಗಳೂ ಇವೆ. ಅವು ದೃಷ್ಟಿದೋಷಕ್ಕೆ ವೈದ್ಯರ ದಾಖಲೆ ಇರುವವರಿಗೆ ಮಾತ್ರ.

ಸೋದರಮಾವನ ಸ್ಮಾರ್ಟ್ ಕ್ಯೂಬ್ ಮನೆಯಲ್ಲೇ ಇರಲಿ. ಒಳಗೆ ಸೆನ್ಸರ್, ಬ್ಯಾಟರಿ, ಬ್ಲೂಟೂತ್ ಎಲ್ಲ ಇದೆ. ಸ್ಪರ್ಧೆಯ ಮೇಜಿನ ಹತ್ತಿರ ಆಟಗಾರರು ಎಲೆಕ್ಟ್ರಾನಿಕ್ ಸಾಧನ ಬಳಸುವಂತಿಲ್ಲ. ಸ್ಮಾರ್ಟ್ ವಾಚ್ ಕಟ್ಟಿದ್ದರೆ ಅದನ್ನೂ ಬಿಚ್ಚಿಡಲಿ. ಹಾಲಿನ ಗದ್ದಲ ತಡೆಯಲು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಬಹುದು, ಇಯರ್‌ಫೋನ್ ಹಾಕುವಂತಿಲ್ಲ. ಅಂದಹಾಗೆ ಅಭ್ಯಾಸಕ್ಕೆ ಸ್ಮಾರ್ಟ್ ಕ್ಯೂಬಿನಂಥ ಗುರು ಇಲ್ಲ. ಯಾವ ಹಂತದಲ್ಲಿ ಕೈ ನಿಂತಿತು, ಎಷ್ಟು ತಿರುವು ದಂಡವಾಯಿತು ಎಂದು ಮುಲಾಜಿಲ್ಲದೆ ಹೇಳುತ್ತದೆ. ಸ್ಪರ್ಧೆಗೆ ಒಂದು ತಿಂಗಳಿರುವಾಗ ಅದನ್ನು ಎತ್ತಿಟ್ಟು, ಆಡಲಿರುವ ಕ್ಯೂಬಿಗೇ ಕೈ ಒಗ್ಗಿಸಿದರೆ ಸಾಕು.

ಇನ್ನು ಹೊಟ್ಟೆ ಉಬ್ಬಿದ 7×7. ನನಗೆ ಬಹಳ ಇಷ್ಟದ ವಿಷಯ ಇದು, ಸ್ವಲ್ಪ ಸಹಿಸಿಕೊಳ್ಳಿ. ಅದು ಚೆಂದಕ್ಕೆ ಉಬ್ಬಿದ್ದಲ್ಲ, ಗಣಿತದ ಒತ್ತಾಯಕ್ಕೆ ಉಬ್ಬಿದ್ದು. ಏಳೂ ಪದರ ಒಂದೇ ದಪ್ಪ ಎಂದಿಟ್ಟುಕೊಳ್ಳಿ. ಮುಖದ ನಡುವಿನಿಂದ ಅಂಚಿಗೆ 3.5 ತುಂಡಿನಷ್ಟು ದೂರ. ಮೂಲೆಯ ತುಂಡಿನ ಒಳಮೂಲೆ ನಡುವಿನಿಂದ 2.5 ಈ ಕಡೆಗೆ, 2.5 ಆ ಕಡೆಗೆ ಇರುತ್ತದೆ. ಕರ್ಣದ ಲೆಕ್ಕದಲ್ಲಿ 2.5 × 1.414, ಅಂದರೆ ಸುಮಾರು 3.54. ಮೇಲಿನ ಪದರವನ್ನು 45 ಡಿಗ್ರಿ ತಿರುಗಿಸಿದಾಗ ಆ ಮೂಲೆತುಂಡು ಕೆಳಗಿನ ಪದರದ ಅಂಚನ್ನು ಪೂರ್ತಿ ದಾಟಿ ಗಾಳಿಯಲ್ಲಿ ನಿಲ್ಲುತ್ತದೆ. 3.54 ಎಲ್ಲಿ, 3.5 ಎಲ್ಲಿ, ಕೂದಲೆಳೆಯಷ್ಟು ಅಂತರ, ಆದರೆ ಹಿಡಿದುಕೊಳ್ಳಲು ಕೆಳಗೆ ಏನೂ ಇಲ್ಲ. 6×6ರಲ್ಲಿ ಇದೇ ಲೆಕ್ಕ 2.83ಕ್ಕೆ 3 ಬರುತ್ತದೆ, ತೊಂದರೆಯಿಲ್ಲ. ಅದಕ್ಕೇ 7×7 ಮಾಡುವವರು ಒಂದೋ ಹೊರಪದರವನ್ನು ದಪ್ಪ ಮಾಡುತ್ತಾರೆ, ಇಲ್ಲವೇ ಮುಖಗಳನ್ನು ದಿಂಬಿನಂತೆ ಉಬ್ಬಿಸುತ್ತಾರೆ. ಸ್ಪರ್ಧೆಯಲ್ಲಿ ಎರಡೂ ನಡೆಯುತ್ತವೆ. ಮಗಳಿಗೆ ಈ ಲೆಕ್ಕ ತೋರಿಸಿ, ಪೈಥಾಗೊರಸ್ ಪ್ರಮೇಯ ಯಾಕೆ ಕಲಿಯಬೇಕು ಎಂದು ಮುಂದೆಂದೂ ಕೇಳುವುದಿಲ್ಲ.

ಹಾಗಂತ ಮೊದಲ ಸಲವೇ 7×7ಕ್ಕೆ ಹೆಸರು ಕೊಡುವುದು ಬೇಡ. ಒಟ್ಟು 17 ವಿಭಾಗಗಳಿವೆ, ಎಲ್ಲಕ್ಕೂ ಸೇರಬೇಕೆಂಬ ಕಟ್ಟಳೆಯಿಲ್ಲ. 3×3 ಒಂದೇ ಸಾಕು. ಸುತ್ತಮುತ್ತ ನೋಡಿ ಕಲಿಯುವುದೇ ಒಂದು ದಿನದ ಕೆಲಸ.

ಹೊಸದಕ್ಕೆ ಎಷ್ಟು ಖರ್ಚು ಮಾಡಬೇಕು? ಕಾಸಿಗೆ ತಕ್ಕ ಕಜ್ಜಾಯ ಎನ್ನುವ ಮಾತು ಕ್ಯೂಬಿನ ವಿಷಯದಲ್ಲಿ ಅರ್ಧ ಮಾತ್ರ ನಿಜ. ಮೋಯು, ಚೀಯಿಯಂಥ ಕಂಪನಿಗಳ ಸಾಧಾರಣ ಬೆಲೆಯ ಮ್ಯಾಗ್ನೆಟ್ ಕ್ಯೂಬ್ ಧಾರಾಳ ಸಾಕು. ಮ್ಯಾಗ್ನೆಟ್ ಬೇಕು ಎನ್ನುವುದಕ್ಕೆ ವೇಗ ಮಾತ್ರವೇ ಕಾರಣವಲ್ಲ. ಸಾಲ್ವ್ ಮುಗಿಸಿ ಕ್ಯೂಬ್ ಕೆಳಗಿಟ್ಟಾಗ ಒಂದು ಪದರ ವಾರೆಯಾಗಿ ನಿಂತಿದ್ದರೆ ಜಡ್ಜ್ ಮುಟ್ಟದೆ, ಮೇಜಿನ ಮಟ್ಟಕ್ಕೆ ಕಣ್ಣು ತಂದು ನೋಡುತ್ತಾರೆ. ವಾರೆ 45 ಡಿಗ್ರಿಯೊಳಗಿದ್ದರೆ ಪಾರು. ಅದನ್ನು ಮೀರಿ ಒಂದು ತಿರುವು ಬಾಕಿ ಎಂದಾದರೆ 2 ಸೆಕೆಂಡು ದಂಡ. ಮ್ಯಾಗ್ನೆಟ್ ಇದ್ದರೆ ಪದರ ತಾನೇ ಚಕ್ಕನೆ ಜಾಗಕ್ಕೆ ಕೂರುತ್ತದೆ.

ಲ್ಯೂಬ್ ವಿಷಯದಲ್ಲಿ ನನ್ನದೇ ಒಂದು ಮಾನಗೆಟ್ಟ ಕಥೆ ಇದೆ. ಕ್ಯೂಬ್ ಹಿಡಿದ ಹೊಸದರಲ್ಲಿ ಅದು ಗಟ್ಟಿ ತಿರುಗುತ್ತದೆಂದು ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಹನಿಸಿದೆ. ಎರಡು ದಿನ ಸ್ವರ್ಗ. ಡಿಸೆಂಬರಿನ ಬೆಳಗ್ಗೆ ನಮ್ಮ ಊರಲ್ಲಿ ಬಾಟಲಿಯ ಕೊಬ್ಬರಿ ಎಣ್ಣೆ ಏನಾಗುತ್ತದೆ, ನಿಮಗೆ ಗೊತ್ತು. ಕ್ಯೂಬಿನೊಳಗೂ ಅದೇ ಆಯಿತು. ಬಿಸಿಲಿಗಿಟ್ಟು ಕರಗಿಸಲು ಹೋದೆ, ಅಂಟು ಧೂಳು ಹಿಡಿದು ಕಪ್ಪು ಕಾಡಿಗೆಯಂತೆ ಬಿರುಕುಗಳಿಂದ ಹೊರಬಂತು. ಹೊಲಿಗೆ ಮಷೀನಿನ ಎಣ್ಣೆಯೂ ಬೇಡ. ಕ್ಯೂಬಿಗೆಂದೇ ಮಾರುವ ಸಿಲಿಕೋನ್ ಲ್ಯೂಬ್ ಎರಡು ಹನಿ ಹಾಕಿ, ನೂರಿನ್ನೂರು ಸಲ ತಿರುಗಿಸಿದರೆ ಆಯಿತು. ಅದನ್ನೂ ಸ್ಪರ್ಧೆಯ ಹಿಂದಿನ ದಿನ ಮಾಡಬೇಡಿ. ಒಂದು ವಾರ ಮೊದಲೇ ಹಾಕಿದರೆ ಕೈಗೆ ಹದ ತಿಳಿಯುತ್ತದೆ. ನಿಮ್ಮ ದುರ್ಗದ ಗಾಳಿ, ಧೂಳಿಗೆ ತಿಂಗಳಿಗೊಮ್ಮೆಯಾದರೂ ಬಿಚ್ಚಿ ಒರೆಸಬೇಕಾಗುತ್ತದೆ. ನಮ್ಮ ಮನೆಗೆ ಭಾನುವಾರ ಬರುವ ಹುಡುಗರಿಗೆ ನನ್ನದು ಒಂದೇ ಕಾನೂನು: ಮಂಡಕ್ಕಿ-ಮೆಣಸಿನಕಾಯಿ ತಿಂದ ಕೈಯನ್ನು ಸೋಪು ಹಾಕಿ ತೊಳೆಯದೆ ಕ್ಯೂಬ್ ಮುಟ್ಟುವಂತಿಲ್ಲ. ಕ್ಯೂಬ್ ಸ್ವಚ್ಛವಾಗಿರಬೇಕೆಂದು ಸ್ಪರ್ಧೆಯ ನಿಯಮವೂ ಹೇಳುತ್ತದೆ, ಆದರೆ ನನ್ನದು ಅದಕ್ಕಿಂತ ಕಟ್ಟುನಿಟ್ಟು.

ಬಿಚ್ಚಿದ ಮೇಲೆ ಜೋಡಿಸುವಾಗ ಆರೂ ಮುಖ ಸರಿಯಾಗಿರುವಂತೆಯೇ ಜೋಡಿಸಲಿ. ಕಂಡಂತೆ ತುರುಕಿದರೆ ಅದು ಸಾಲ್ವ್ ಆಗುವ ಸ್ಥಿತಿಯಲ್ಲಿರುವ ಸಾಧ್ಯತೆ 12ರಲ್ಲಿ 1 ಮಾತ್ರ. ಸ್ಕ್ರೂಗಳನ್ನು ತೀರಾ ಸಡಿಲ ಬಿಡುವುದೂ ಬೇಡ. ಸಡಿಲವಿದ್ದಷ್ಟೂ ಹಗುರ ತಿರುಗುತ್ತದೆ, ನಿಜ; ಜೊತೆಗೆ ತುಂಡು ಪಾಪ್ ಆಗಿ ಹಾರುತ್ತದೆ, ಇಲ್ಲವೇ ಒಂದು ಕಾರ್ನರ್ (ಮೂಲೆತುಂಡು) ನಿಂತಲ್ಲೇ ತಿರುಚಿಕೊಳ್ಳುತ್ತದೆ. ಆಟದ ನಡುವೆ ಹಾಗಾದರೆ ಅವಳು ಕೈಯಿಂದಲೇ ಸರಿಪಡಿಸಿ ಮುಂದುವರಿಸಬಹುದು. ಸ್ಕ್ರೂಡ್ರೈವರ್, ಇನ್ನೊಂದು ಕ್ಯೂಬಿನ ತುಂಡು ಬಳಸುವಂತಿಲ್ಲ, ಗಡಿಯಾರವೂ ನಿಲ್ಲುವುದಿಲ್ಲ. ತಿರುಚಿದ್ದು ಒಂದೇ ಕಾರ್ನರ್ ಆಗಿದ್ದು ಅದರಿಂದ ಕ್ಯೂಬ್ ಸಾಲ್ವ್ ಆಗದಂತಾಗಿದ್ದರೆ, ಅದನ್ನು ಹಾಗೇ ತಿರುಚಿ ಸರಿ ಮಾಡಲು ಅವಕಾಶವಿದೆ. ಇಷ್ಟು ತಿಳಿಯದೆ ಕೈಚೆಲ್ಲಿ ಕೂತ ಮಕ್ಕಳನ್ನು ನೋಡಿದ್ದೇನೆ. ಒಂದು ಮಾತು ಮಾತ್ರ ಖಂಡಿತ: ಕ್ಯೂಬ್ ಕೈಕೊಟ್ಟಿತು ಎಂಬ ಕಾರಣಕ್ಕೆ ಇನ್ನೊಂದು ಅವಕಾಶ ಸಿಗುವುದಿಲ್ಲ. 3×3ರ ಸರಾಸರಿಗೆ ಐದು ಸಲ ಆಡಿಸಿ, ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ಹಿಡಿಯುತ್ತಾರೆ. ಹಾಗಾಗಿ ಒಂದು ಸಲ ಕೆಟ್ಟರೆ ಮುಳುಗಿಹೋಗುವುದೂ ಇಲ್ಲ.

ಟೈಮರ್, ಮ್ಯಾಟ್ ಎಲ್ಲ ಅವರೇ ಕೊಡುತ್ತಾರೆ. ಕ್ಯೂಬ್ ಮಾತ್ರ ನಮ್ಮದು. ಆದರೆ ಫೋನಿನ ಪರದೆ ಒತ್ತಿ ಅಭ್ಯಾಸವಾದ ಕೈಗೆ ಆ ಟೈಮರ್ ಹೊಸದು. ಎರಡೂ ಕೈಯ ಬೆರಳನ್ನು ಅದರ ಎರಡು ತಟ್ಟೆಗಳ ಮೇಲಿಟ್ಟು, ಹಸಿರು ದೀಪ ಹತ್ತುವವರೆಗೆ ಕಾದು, ಎತ್ತಬೇಕು. ನಿಲ್ಲಿಸುವಾಗ ಅಂಗೈ ಕೆಳಮುಖವಾಗಿ ಎರಡೂ ಕಡೆ ತಟ್ಟಬೇಕು. ಮುಗಿಸಿದ ಸಂಭ್ರಮದಲ್ಲಿ ಕ್ಯೂಬನ್ನು ಕೈಯಲ್ಲೇ ಹಿಡಿದು ಮುಷ್ಟಿಯಿಂದ ಗುದ್ದುವ ಮಕ್ಕಳಿದ್ದಾರೆ, ದಂಡ ಬೀಳುತ್ತದೆ. ಅಂಥ ಟೈಮರ್ ಒಂದು ನನ್ನಲ್ಲಿದೆ. ದಾವಣಗೆರೆ ನಿಮಗೆ ಗಂಟೆಯೊಂದರ ದಾರಿ. ಯಾವುದಾದರೂ ಭಾನುವಾರ ಮಗಳನ್ನು ಕರೆದುಕೊಂಡು ಬನ್ನಿ, ಅರ್ಧ ದಿನ ತಟ್ಟಿ ಅಭ್ಯಾಸ ಮಾಡಲಿ. ಬರುವಾಗ ಆ ಹಳೆಯ ಕ್ಯೂಬೂ ಇರಲಿ. ನನ್ನ ಡ್ರಾಯರಿನ ಹಾಳೆಗಳಲ್ಲಿ ಪೂರ್ತಿ 54 ಸ್ಟಿಕರ್‌ಗಳ ಒಂದು ಜೊತೆ ಸಿಕ್ಕರೆ ಹಾಕಿಕೊಡುತ್ತೇನೆ, ಬೆಂಗಳೂರಿಗೆ ಎರಡನೇ ಕ್ಯೂಬ್ ಆಗಿ ಚೀಲದಲ್ಲಿರಲಿ.